ತಟ್ಟಿ ಕೊಂಡ ದೋಣಿ

ದೋಣಿ ಕೊಳ್ಳಲು ಹೋದ ದಿನ ಡಾಕ್ಟರ್ ನಾಗಭೂಷಣ್ ಅದರ ಎರಡೂ ಬದಿ ತಟ್ಟಿ ನೋಡಿದರೋ, ಒಂದನ್ನೇ ತಟ್ಟಿ ಸುಮ್ಮನಾದರೋ, ನಾನು ಆಣೆ ಮಾಡಿ ಹೇಳಲಾರೆ. ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ಮಸಾಲೆ ದೋಸೆ ತಿಂದು ಹೋಗಿದ್ದೆವೆಂದು ನನ್ನ ನೆನಪು. ಇಡ್ಲಿ ಎನ್ನುತ್ತಾಳೆ ಹೆಂಡತಿ. ತಿಂಡಿಯ ವಿಷಯದಲ್ಲೇ ಇಷ್ಟು ಸಡಿಲವಾದ ತಲೆಯನ್ನು ದೋಣಿಯ ವಿಷಯದಲ್ಲಿ ನಂಬುವುದು ಹೇಗೆ? ಆದರೆ ಸಿಟ್ಟಿಗೆ ಸಾಕ್ಷಿ ಬೇಕಿಲ್ಲ. ಅದು ಇನ್ನೂ ಬಿಸಿಯಾಗಿಯೇ ಇದೆ.

ಡಾಕ್ಟರು ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯವರು, ನಿವೃತ್ತ ಎದೆರೋಗ ತಜ್ಞರು. ನಾನು ಸಿಡ್ನಿಯ ಗಿರಾವೀನ್‌ನವನು. ಇಬ್ಬರೂ ಸೇರಿ ಕೊಂಡದ್ದು ಒಂದು ಹಳೆಯ ಕ್ಯಾಟಮರಾನ್: ಅಕ್ಕಪಕ್ಕ ಎರಡು ಫೈಬರ್‌ಗ್ಲಾಸ್ ಒಡಲು, ನಡುವೆ ಅಟ್ಟಣೆ. ಕೊಳ್ಳುವ ಮುನ್ನ ದೋಣಿ ಪರೀಕ್ಷಿಸುವ ಸರ್ವೇಯರ್‌ನನ್ನು ಕರೆಸೋಣ ಎಂದೆ. ಎಂದೆನೆಂದೇ ನಂಬಿದ್ದೇನೆ. ಡಾಕ್ಟರು ಎಡಗೈ ಬೆರಳನ್ನು ದೋಣಿಗೆ ಒತ್ತಿ, ಬಲಗೈ ಬೆರಳಿಂದ ಅದರ ಮೇಲೆ ಬಡಿದು, ಕಣ್ಣು ಮುಚ್ಚಿ ಆಲಿಸಿ, "ನಾರ್ಮಲ್" ಎಂದರು. ಎದೆ ತಟ್ಟಿ ನೋಡುವ ವಿದ್ಯೆ ಹುಟ್ಟಿದ್ದೇ ಹೆಂಡದ ಪೀಪಾಯಿ ತಟ್ಟುವುದರಿಂದ ಎಂದು ಎಲ್ಲೋ ಓದಿದ್ದೆ. ಪೀಪಾಯಿಯಿಂದ ಎದೆಗೆ ಬಂದದ್ದು ಎದೆಯಿಂದ ದೋಣಿಗೆ ಹೋದರೆ ತಪ್ಪೇನು ಎಂದು ನಾನೂ ಅಂದುಕೊಂಡಿರಬೇಕು. ನಾವು ತೆಂಗಿನಕಾಯಿ ಕೊಳ್ಳುವುದೂ ಹಾಗೆಯೇ ತಾನೆ.

ಈ ಬೇಸಿಗೆಯಲ್ಲಿ ದೋಣಿಯನ್ನು ದಡಕ್ಕೆ ಎತ್ತಿಸಿ ತೊಳೆದಾಗ ತಳದ ತುಂಬ ಗುಳ್ಳೆ. ಒಂದನ್ನು ಚುಚ್ಚಿದೆ, ವಿನೆಗರ್ ವಾಸನೆಯ ನೀರು ಮುಖಕ್ಕೆ ಹಾರಿತು. ಫೈಬರ್‌ಗ್ಲಾಸ್ ನೀರು ಕುಡಿದಿದೆ ಎಂದರ್ಥ. ಮೇಲ್ಪದರ ಉಜ್ಜಿ ತೆಗೆದು, ತಿಂಗಳುಗಟ್ಟಲೆ ಒಣಗಿಸಿ, ಆಮೇಲೆ ನೀರು ತಡೆಯುವ ಎಪಾಕ್ಸಿ ಅಂಟು ಬಳಿಯಬೇಕು. ಡಾಕ್ಟರಿಗೆ ಅಷ್ಟು ತಾಳ್ಮೆಯಿಲ್ಲ. ರಜೆಗೆ ಮೊಮ್ಮಕ್ಕಳನ್ನು ಕರೆತಂದು ಸಮುದ್ರಕ್ಕೆ ಕರೆದೊಯ್ಯುವ ಮಾತು ಕೊಟ್ಟಾಗಿತ್ತು.

"ಮೇಲೆ ಒಂದು ಕೋಟ್ ಪೇಂಟ್ ಹೊಡೆಸ್ರೀ, ಸಾಕು," ಎಂದರು ಫೋನಿನಲ್ಲಿ.

"ಕೀವು ತುಂಬಿದ ಗಾಯಕ್ಕೆ ಪೌಡರ್ ಹಾಕಿ ಮನೆಗೆ ಕಳಿಸ್ತಿದ್ರಾ ಡಾಕ್ಟ್ರೇ?"

"ದೋಣಿಗೆ ಜ್ವರ ಬರಲ್ಲ ಬಿಡ್ರೀ."

"ಅಲೆ ಮಧ್ಯೆ ಪದರ ಬಿಟ್ಕೊಂಡ್ರೆ? ಒಳಗೆ ಕೂತಿರೋದು ನಿಮ್ಮ ಮೊಮ್ಮಕ್ಕಳೇ. ಅವತ್ತು ಎರಡೂ ಕಡೆ ತಟ್ಟಿದ್ರೋ ಇಲ್ವೋ, ನಿಜ ಹೇಳಿ."

"ತಟ್ಟದೆ? ಪೇಶೆಂಟ್‌ನ ನೋಡೋದೇ ಹಾಗೆ ಕಣ್ರೀ. ಎಡ ಬಲ ತಟ್ಟಿ ಹೋಲಿಸ್ಬೇಕು. ಒಂದೇ ಥರ ಕೇಳಿದ್ರೆ ನಾರ್ಮಲ್. ನಮ್ಮದು ಒಂದೇ ಥರ ಕೇಳ್ತು."

ಎರಡೂ ಸಮಸಮವಾಗಿ ಕೆಟ್ಟಿರಬಹುದೆಂಬ ಯೋಚನೆ ನಲವತ್ತು ವರ್ಷ ಎದೆ ತಟ್ಟಿದ ಮನುಷ್ಯನಿಗೆ ಬಂದಿರಲಿಲ್ಲ. ದೋಣಿ ದಡ ಬಿಟ್ಟು ಕದಲುವುದಿಲ್ಲ ಎಂದು ಅರಚಿ ಫೋನಿಟ್ಟೆ. ಮೊಮ್ಮಕ್ಕಳು ನಮ್ಮ ದೋಣಿಯ ಬದಲು ಊರಿನ ಫೆರಿ ಹತ್ತಿದರು. ಡಾಕ್ಟರು ಮಾತು ಬಿಟ್ಟರು.

ನೆನಪನ್ನು ನಂಬದವನು ಸಿಟ್ಟನ್ನು ಮಾತ್ರ ಏಕೆ ನಂಬಬೇಕು? ನಾನೇ ತಟ್ಟಿ ನೋಡೋಣವೆಂದು ಸುತ್ತಿಗೆಯ ಹಿಡಿ ಹಿಡಿದು ದೋಣಿಯ ಬಳಿಗೆ ಹೋದೆ. ಪಕ್ಕದಲ್ಲಿದ್ದ ಹೊಸ ದೋಣಿಯನ್ನು ಅದರ ಒಡೆಯನನ್ನು ಕೇಳಿ ತಟ್ಟಿದೆ, ಟಣ್ ಎಂದಿತು. ನಮ್ಮದು ಒದ್ದೆ ಗೋಣಿಚೀಲದಂತೆ ದೊಪ್ ಎಂದಿತು. ಬಲಗಡೆ ಮುಗಿಸಿ, ಎಡಗಡೆ ಮಂಡಿಯೂರಿ, ಮತ್ತೆ ಬಲಗಡೆಗೆ ಬಂದು ಅಂಗೈ ಅಗಲದಷ್ಟೂ ಬಿಡದೆ ತಟ್ಟಿದೆ. ಇದೊಂದು ಮಾತ್ರ ಖಚಿತ: ಡಾಕ್ಟರ ಕಿವಿ ಈಗಲೂ ಚೆನ್ನಾಗಿದೆ. ನಮ್ಮ ಎರಡೂ ಒಡಲು ಒಂದೇ ದೊಪ್, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.