ಗೋದಲಿಯಲ್ಲಿ ಗುಂಡುಕಲ್ಲು

ಕಾಯುವುದು ನನಗೆ ಬರುವುದಿಲ್ಲ. ಕುಕ್ಕರ್ ತಣ್ಣಗಾಗುವ ಮುಂಚೆ ಮುಚ್ಚಳಕ್ಕೆ ಕೈ ಹಾಕುವವಳು, ಸಿಗ್ನಲ್ ಬಿಡದಿದ್ದರೆ ಆಟೋದಿಂದ ಇಳಿದು ನಡೆದುಬಿಡುವವಳು ನಾನು. ಇಂಥವಳಿಗೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರಗಳನ್ನು ಬರೀ ಕಾಯುವುದಕ್ಕೇ ಎತ್ತಿಟ್ಟಿರುವ ಧರ್ಮ ಗಂಟುಬಿದ್ದಿದೆ. ಆಗಮನ ಕಾಲ ಎನ್ನುತ್ತೇವೆ. ಗುರುಗಳು ನೇರಳೆ ಬಟ್ಟೆ ತೊಡುತ್ತಾರೆ, ವಾರಕ್ಕೊಂದರಂತೆ ನಾಲ್ಕು ಮೇಣದಬತ್ತಿ ಹಚ್ಚುತ್ತೇವೆ, ಹಬ್ಬದ ಹಾಡುಗಳನ್ನು ಬಾಯಲ್ಲೇ ತಡೆದಿಟ್ಟುಕೊಳ್ಳುತ್ತೇವೆ. ನಮ್ಮ ಸರ್ವಜ್ಞನಗರದ ಬೇಕರಿಗಳಿಗೆ ಈ ತಾಳ್ಮೆ ಯಾವುದೂ ಇಲ್ಲ. ನವೆಂಬರ್ ಮುಗಿಯುವಷ್ಟರಲ್ಲಿ ಗಾಜಿನ ಮೇಲೆ ಹತ್ತಿಯ ಹಿಮ ಅಂಟಿಸಿ ಹಬ್ಬ ಶುರು ಮಾಡಿರುತ್ತವೆ. ನಾನು ಬೇಕರಿಯವರ ಪಕ್ಷ.

ಕಳೆದ ವರ್ಷ ಮಾತ್ರ ನಮ್ಮ ಮನೆಯಲ್ಲಿ ನಿಜಕ್ಕೂ ಕಾಯುವುದು ನಡೆದಿತ್ತು. ದತ್ತು ಮಗುವಿಗೆಂದು ಪಟ್ಟಿಯಲ್ಲಿ ಹೆಸರು ಬರೆಸಿ ನಾಲ್ಕು ವರ್ಷ ದಾಟಿತ್ತು. ನನಗೆ ನಲವತ್ತೊಂದು. ದಿನಾ ಸಂಜೆ ಪ್ರಾರ್ಥನೆಯ ಕೊನೆಗೆ ಅತ್ತೆ, ಈ ಮನೆಗೊಂದು ಮಗು ಕಳಿಸಪ್ಪ ಎಂದು ಸೇರಿಸುತ್ತಿದ್ದರು. ನನ್ನ ಗಂಡನಿಗೆ ಸಾಕಾಗಿ ಹೋಗಿತ್ತು. ಕ್ರಿಸ್‌ಮಸ್‌ವರೆಗೆ ನೋಡಿ ಹೆಸರು ತೆಗೆಸಿಬಿಡೋಣ ಎಂದಿದ್ದ. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಧೈರ್ಯವಾಗಲಿಲ್ಲ.

ಧೈರ್ಯವಾಗದಿರಲು ಕಾರಣವಿತ್ತು, ಅದು ಅತ್ತೆಗೆ ಗೊತ್ತಿರಲಿಲ್ಲ. ಅದಕ್ಕೂ ಹಿಂದಿನ ವರ್ಷ ನಮಗೊಂದು ಮಗು ಬಂದಿತ್ತು. ಅಂದರೆ, ಫೋನಿನಲ್ಲಿ ಫೋಟೋ ಬಂದಿತ್ತು, ಜೊತೆಗೆ ಒಂದು ಫೈಲು. ಮೂರೂವರೆ ವರ್ಷದ ಹುಡುಗಿ. ಒಂದು ಕಿವಿ ಕೇಳಿಸುವುದಿಲ್ಲ, ಮಾತು ತಡ ಎಂದು ಡಾಕ್ಟರು ಬರೆದಿದ್ದರು. ಹೌದೆನ್ನಲು ಎರಡು ದಿನ ಸಮಯ. ಆ ಎರಡು ದಿನ ನಾವು ಹಲಸೂರಿನಿಂದ ಇಂದಿರಾನಗರದವರೆಗೆ ಕಿವಿಯ ಡಾಕ್ಟರುಗಳನ್ನು ಸುತ್ತಿದೆವು. ಒಬ್ಬರು ಪರವಾಗಿಲ್ಲ ಎಂದರು, ಇನ್ನೊಬ್ಬರು ಯೋಚನೆ ಮಾಡಿ ಎಂದರು. ಯೋಚನೆ ಮಾಡುತ್ತಲೇ ಇದ್ದೆವು, ಗಡುವು ಮುಗಿದುಹೋಯಿತು. ಬೇಡ ಎಂದು ಬಾಯಿಬಿಟ್ಟು ಹೇಳಲಿಲ್ಲವಲ್ಲ ಎಂಬ ಒಂದು ಕಳ್ಳ ಸಮಾಧಾನವನ್ನು ಎಷ್ಟೋ ದಿನ ಇಟ್ಟುಕೊಂಡಿದ್ದೆ. ಆಮೇಲೆ ಅದೂ ಉಳಿಯಲಿಲ್ಲ.

ಮೊದಲ ಭಾನುವಾರ ಅತ್ತೆ ನಡುಮನೆಯ ಮೂಲೆಯಲ್ಲಿ, ಯೇಸು ಹುಟ್ಟಿದ ಕೊಟ್ಟಿಗೆಯಂತೆ, ಗೋದಲಿ ಕಟ್ಟಿದರು. ಹುಲ್ಲಿನ ಸೂರು, ಮಾತೆ ಮರಿಯಮ್ಮ, ಜೋಸೆಫರು, ಒಂದು ಕಿವಿ ಮುರಿದ ಹಸು, ನಡುವೆ ಅಂಗೈಯಗಲದ ಮರದ ತೊಟ್ಟಿಲು. ಬಾಲಯೇಸುವಿನ ಗೊಂಬೆ ಮಾತ್ರ ಕರ್ಚೀಫಿನಲ್ಲಿ ಸುತ್ತಿಕೊಂಡು ಬೀರುವಿನಲ್ಲಿ, ಸೀರೆಗಳ ನಡುವೆ. ಆ ಬರಿದಾದ ತೊಟ್ಟಿಲನ್ನು ನೋಡಲಾಗದೆ, ಈಗಲೇ ಇಟ್ಟುಬಿಡೋಣ ಎಂದೆ. ಇನ್ನೂ ಹುಟ್ಟದವನನ್ನು ಹೇಗೆ ಮಲಗಿಸುವುದು ಎಂದು ಅತ್ತೆ ಒಪ್ಪಲಿಲ್ಲ. ಪ್ಲಾಸ್ಟರಿನ ಗೊಂಬೆಗೆ ಇಷ್ಟೆಲ್ಲ ನಿಯಮವೇ ಎಂದು ನಾನು ಪಾತ್ರೆ ಕುಕ್ಕಿದೆ.

ಎರಡನೆಯ ಭಾನುವಾರ ಚರ್ಚಿನಲ್ಲಿ ಗುರುಗಳು, ನೀವು ಯಾರಿಗಾಗಿ ಕಾಯುತ್ತಿದ್ದೀರಿ ಎಂದು ಪ್ರಸಂಗ ಮಾಡಿದರು. ಜನ ಸಿಂಹಾಸನದ ಅರಸನನ್ನು ಕೇಳಿಕೊಂಡಿದ್ದರು, ಬಂದವನು ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಎಂದರು. ನನ್ನ ತಲೆ ಆ ರಾತ್ರಿ ಮರಿಯಮ್ಮನನ್ನು ಬಾಗಿಲಿಂದಲೇ ಕಳಿಸಿದ ಛತ್ರದವನ ಹತ್ತಿರವೇ ನಿಂತುಬಿಟ್ಟಿತು. ತುಂಬು ಬಸುರಿಗೆ ಜಾಗವಿಲ್ಲ ಎಂದ ಆ ಮನುಷ್ಯನೂ ದಿನಾ ಪ್ರಾರ್ಥನೆಯಲ್ಲಿ ಉದ್ಧಾರಕನನ್ನು ಕಳಿಸು ಎಂದೇ ಬೇಡುತ್ತಿದ್ದಿರಬೇಕು. ಕೆಟ್ಟವನೇನೂ ಇರಲಾರ. ಯೋಚನೆ ಮಾಡುತ್ತಿದ್ದನೇನೋ. ಪೂಜೆ ಮುಗಿಯುವವರೆಗೆ ಕೂರಲಾಗದೆ ಎದ್ದು ಹೊರಗೆ ಬಂದು ಚಪ್ಪಲಿ ಹುಡುಕಿದೆ.

ಮರುವಾರ ಒಂದು ಬೆಳಿಗ್ಗೆ ನೋಡಿದರೆ ತೊಟ್ಟಿಲು ತುಂಬಿತ್ತು. ಶುಂಠಿ ಜಜ್ಜುವ ಗುಂಡುಕಲ್ಲಿಗೆ ನನ್ನ ಕೈವಸ್ತ್ರ ಸುತ್ತಿ, ಅರಿಶಿನ ಕುಂಕುಮ ಇಟ್ಟು, ಮರಿಯಮ್ಮನ ಮುಂದೆ ಮಲಗಿಸಿಯಾಗಿತ್ತು. ಇಟ್ಟವಳು ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು. ರಾಯಚೂರು ಕಡೆಯವಳು, ಬಾಣಸವಾಡಿಯಲ್ಲಿ ಬಾಡಿಗೆ ಕೋಣೆ. ನಾನು ರೇಗಿದೆ. ದೇವರ ಜಾಗದಲ್ಲಿ ಇದೇನು ಎಂದೆ. ಅವಳು ಹೆದರಲಿಲ್ಲ. ತಮ್ಮ ಊರಲ್ಲಿ ಹೆಸರಿಡುವ ದಿನ ಕೂಸಿಗಿಂತ ಮೊದಲು ಗುಂಡುಕಲ್ಲನ್ನೇ ತೊಟ್ಟಿಲಿಗೆ ಹಾಕಿ ತೂಗುತ್ತಾರೆ ಎಂದು ವಿವರಿಸಿದಳು.

"ಖಾಲಿ ತೊಟ್ಲ ಹಂಗ ಇಡಬಾರ್ದ್ರಿ ಅಕ್ಕಾ. ನಿಮ್ಮ ಮನ್ಯಾಗ ಕೂಸು ಬರ್ಲಿ ಅಂತ ಇಟ್ಟೀನ್ರಿ."

ಅಷ್ಟರಲ್ಲಿ ಬೆಳಗಿನ ಪೂಜೆ ಮುಗಿಸಿ ಅತ್ತೆ ಚರ್ಚಿನಿಂದ ಬಂದರು. ಈಗ ಶುರುವಾಯಿತು ರಾಮಾಯಣ ಎಂದುಕೊಂಡೆ. ಅವರು ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಬಟ್ಟೆ ಬಿಚ್ಚದೆ ಮರಿಯಮ್ಮನ ಪಕ್ಕಕ್ಕೆ ಇಟ್ಟರು. ಆಮೇಲೆ ಅವಳ ಭುಜ ಮುಟ್ಟಿ ಹೇಳಿದರು.

"ಖಾಲಿ ಬಿಟ್ಟಿಲ್ಲ ಕಣಮ್ಮ, ಜಾಗ ಮಾಡಿಟ್ಟಿದೀವಿ. ಯಾರು ಬಂದ್ರೂ ಮಲಗಿಸ್ಕೋತೀವಿ ಅಂತ."

ಯಾರು ಬಂದರೂ. ನನಗೆ ನಿಂತಲ್ಲೇ ಅಳು ಬಂತು. ಅವಳು ತನ್ನಿಂದಲೇ ತಪ್ಪಾಯಿತೆಂದು ಗಾಬರಿಯಾದಳು; ಅತ್ತೆ ಅವಳನ್ನು ಸಮಾಧಾನ ಮಾಡಿ ಕಳಿಸಿ ಬಾಗಿಲು ಹಾಕಿದರು. ಆಗ ಎಲ್ಲ ಹೇಳಿದೆ. ಫೋಟೋ, ಕಿವಿ, ಎರಡು ದಿನ, ಡಾಕ್ಟರುಗಳು. ಮಗು ಬಂದಿತ್ತು, ಜಾಗ ನನ್ನ ಹತ್ತಿರವೇ ಇರಲಿಲ್ಲ ಎಂದೆ. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಮಣೆ ಎಳೆದು ನನ್ನೆದುರು ಕೂತು, ಆ ಮಗುವಿಗೆ ಈಗ ಮನೆ ಸಿಕ್ಕಿದೆಯೇ ಎಂದು ಮಾತ್ರ ಕೇಳಿದರು. ಗೊತ್ತಿಲ್ಲ, ಯಾರೂ ಹೇಳುವುದಿಲ್ಲ ಎಂದೆ. ಹೆಸರು ಕೇಳಿದರು. ಫೈಲಿನಲ್ಲಿದ್ದ ಹೆಸರನ್ನು ಅಂದು ಮೊದಲ ಸಲ ಬಾಯಿಬಿಟ್ಟು ಹೇಳಿದೆ.

ಸಂಜೆ ಪ್ರಾರ್ಥನೆಯ ಕೊನೆಗೆ ಅತ್ತೆ ಈ ಮನೆಗೆ ಮಗುವನ್ನು ಕೇಳಲಿಲ್ಲ. ಆ ಹುಡುಗಿಯ ಹೆಸರು ಹೇಳಿ, ಅವಳಿಗೊಂದು ಮನೆ ಸಿಕ್ಕಿರಲಿ, ಆ ಮನೆಯವರು ಅವಳ ಕೇಳಿಸುವ ಕಿವಿಯ ಕಡೆ ಕೂತು ಮಾತಾಡಿಸಲಿ ಎಂದರು. ನನ್ನ ಗಂಡ ತಲೆ ಎತ್ತಿ ಮೊದಲು ನನ್ನನ್ನು, ಆಮೇಲೆ ತಾಯಿಯನ್ನು ನೋಡಿದ. ಹೆಸರು ತೆಗೆಸುವ ಮಾತೆತ್ತುತ್ತಾನೆ ಎಂದುಕೊಂಡೆ. ಎತ್ತಲಿಲ್ಲ. ಆಮೆನ್ ಹೇಳುವ ಬದಲು, ಮೊಣಕಾಲೂರಿಕೊಂಡೇ ತಾಯಿಯ ಕಡೆ ತಿರುಗಿದ.

"ಆ ಕಿವಿಗೆ ಏನೇನ್ ಮಾಡ್ಬೋದು ಅಂತ ನಾನು ಈಗ್ಲೂ ಓದ್ತಾ ಇರ್ತೀನಮ್ಮ" ಎಂದ.