ತುಂಬುತೋಳಿನ ಮೂರು ಶರ್ಟು

ಏಪ್ರಿಲ್ ಏಳು, ಭಾನುವಾರ, ಬೆಳಗ್ಗೆ ಒಂಬತ್ತು ನಲವತ್ತು. ಅಪ್ಪನ ಬಿಳಿ ಕಾಟನ್ ಶರ್ಟನ್ನು ಉಪ್ಪುನೀರಿನ ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಚಾಮರಾಜಪೇಟೆಯ ನಮ್ಮ ಮನೆಯ ತಾರಸಿಯ ಹಗ್ಗಕ್ಕೆ ಹಾಕಿದೆ. ನಮ್ಮ ಪ್ರವಾಸ ಶುರುವಾದದ್ದು ಆಗಲೇ ಎಂದು ನನ್ನ ಡೈರಿಯ ಲೆಕ್ಕ. ವಿಮಾನ ಇದ್ದದ್ದು ಇನ್ನೂ ಮೂರು ವಾರಕ್ಕೆ.

ಉಪ್ಪು ಅಮ್ಮನದು, ತರಗುಪೇಟೆಯಿಂದ ರಾಗಿ, ಬೇಳೆಯ ಜೊತೆ ತರುವ ಕಲ್ಲುಪ್ಪು. ಎರಡು ಹಿಡಿ ತೆಗೆದುಕೊಂಡಿದ್ದಕ್ಕೆ ಅಮ್ಮ ತಾರಸಿಗೇ ಹತ್ತಿ ಬಂದಳು.

"ಶರ್ಟನ್ನ ಉಪ್ಪಿನಕಾಯಿ ಹಾಕ್ತಿದೀಯೇನೇ?"

"ಸಮುದ್ರದ ನೀರಲ್ಲಿ ನೆಂದ ಬಟ್ಟೆ ಎಷ್ಟೊತ್ತಿಗೆ ಒಣಗುತ್ತೆ ನೋಡ್ತಿದೀನಿ."

"ಹೂಂ, ನೋಡು. ಯಾವ ವರ ಸಿಗ್ತಾನೋ ಇವಳಿಗೆ, ಅವನನ್ನೂ ಹೀಗೇ ಅದ್ದಿ ಒಣಗಿಸಿ ನೋಡ್ತಾಳೆ."

ಶರ್ಟು ಹನ್ನೊಂದು ಇಪ್ಪತ್ತೈದಕ್ಕೆ ಗರಿಗರಿಯಾಗಿ ಒಣಗಿತ್ತು. ಒಂದು ಗಂಟೆ ನಲವತ್ತೈದು ನಿಮಿಷ. ಡೈರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಈಗ ಆ ಪುಟ ತೆಗೆದರೆ ನಾಚಿಕೆಯಾಗುವುದು ಆ ಎರಡು ಗೆರೆಗೆ.

ನಾನು ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಸ್ಯಾಂಪಲ್ ನೋಂದಾಯಿಸುವ ಕೆಲಸದಲ್ಲಿದ್ದೇನೆ. ಯಾರದು, ಯಾವ ದಿನ, ಎಷ್ಟು ಗಂಟೆಗೆ ಎಂದು ಬರೆಯುವುದೇ ಕೆಲಸ. ಆದರೆ ಎಣಿಸುವ ಚಟ ಕೆಲಸದಿಂದ ಬಂದದ್ದಲ್ಲ, ಚಿಕ್ಕಂದಿನದು. ಅದರ ಕಥೆ ಆಮೇಲೆ ಹೇಳುತ್ತೇನೆ.

ಅಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿದವರು. ಈ ವರ್ಷ ಜೂನ್ ಕೊನೆಗೆ ನಿವೃತ್ತಿ. ಅಂಥ ನೌಕರರಿಗೆ ಕೆಲವು ವರ್ಷಕ್ಕೊಮ್ಮೆ ಕುಟುಂಬದ ಜೊತೆ ಪ್ರವಾಸ ಹೋಗಿಬರಲು ಎಲ್‌ಟಿಸಿ ಎಂಬ ಸೌಲಭ್ಯ ಇದೆ. ಅಪ್ಪನ ಕಚೇರಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಅದರಲ್ಲಿ ಅಂಡಮಾನ್ ನೋಡಿ ಬಂದವರೇ. ಬಂದವರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: ಮುಖಕ್ಕೆ ಗಾಜು ಕಟ್ಟಿಕೊಂಡು ನೀರಿನೊಳಗೆ ತಲೆ ಹಾಕಿದರೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ತಳದಲ್ಲಿ ಹರಡಿದಂತೆ ಕಾಣುತ್ತದೆ ಎಂದು. ಅಪ್ಪ ಆ ಮಾತನ್ನು ಮನೆಗೆ ಬಂದು ನಮಗೆ ಹೇಳುತ್ತಿದ್ದರು, ತಾವೇ ನೋಡಿಬಂದ ಹಾಗೆ. ಹೋಗೋಣ ಎಂದರೆ ಮಾತ್ರ "ಮುಂದಿನ ಸಲ" ಎನ್ನುತ್ತಿದ್ದರು. ಮುಂದಿನ ಸಲಗಳೆಲ್ಲ ಮುಗಿದು ಇದೊಂದೇ ಉಳಿದಿತ್ತು.

ಯಾಕೆ ಮುಂದಿನ ಸಲ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಯಾಕೆಂದರೆ ಮೂವರಿಗೂ ಗೊತ್ತಿತ್ತು. ಅಪ್ಪನ ಮೈಮೇಲೆ ತೊನ್ನಿದೆ. ಅಮ್ಮ ಬಿಳಿ ಮಚ್ಚೆ ಎನ್ನುತ್ತಾಳೆ. ಮುಂಗೈ, ಮೊಣಕೈ, ಮಂಡಿ, ಪಾದ. ಮನೆಯೊಳಗೆ ಬನಿಯನ್, ಲುಂಗಿಯಲ್ಲಿ ಓಡಾಡುವ ಅಪ್ಪ ಬೇರೆ. ಹೊಸ್ತಿಲು ದಾಟಿದರೆ ಮಣಿಕಟ್ಟಿನ ತನಕ ಗುಂಡಿ ಹಾಕಿದ ಶರ್ಟು, ಸಾಕ್ಸು, ಶೂ. ಮಾರ್ಚಿರಲಿ ಮೇ ಇರಲಿ, ಮೂಲೆಯಂಗಡಿಗೆ ಕೊತ್ತಂಬರಿ ಸೊಪ್ಪಿಗೆ ಹೋದರೂ ಅಷ್ಟೇ. ಬಸ್ಸಿನಲ್ಲಿ ಚಿಲ್ಲರೆ ಕೊಡುವವರು ಅಪ್ಪನ ಅಂಗೈಗೆ ಬೆರಳು ತಾಗದಂತೆ ಮೇಲಿನಿಂದ ಬೀಳಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹೊಸಬರು ಯಾರಾದರೂ ಕೈ ಕುಲುಕಲು ಬಂದರೆ ಅಪ್ಪ ಮೊದಲು ಹೇಳುವುದು ಹೆಸರಲ್ಲ. "ಇದು ಅಂಟಲ್ಲ" ಎನ್ನುತ್ತಾರೆ.

ಇಷ್ಟು ಗೊತ್ತಿದ್ದೂ ನಾನು ಪಟ್ಟಿ ಮಾಡಿದೆ. ಐದು ಕಾಲಂ: ವಿಮಾನ, ಊರು, ಕಾಡು, ಕೆಸರು, ಕಡಲು. ಒಂದೇ ಪ್ರವಾಸದಲ್ಲಿ ಐದು ಥರದ ಹವೆ. ವಿಮಾನದೊಳಗೆ ಚಳಿ, ಹಳೆಯ ಸೆರೆಮನೆ ನೋಡಲು ಸುಡು ಬಿಸಿಲಿನ ನಡಿಗೆ, ಗುಹೆಗೆ ಹೋಗುವ ದಾರಿಯಲ್ಲಿ ಕೆಸರು, ಸಂಜೆಗೆ ಮಳೆ. ಚಿಕ್ಕಪೇಟೆಗೆ ಎರಡು ಸಲ ಹೋದೆ. ಮೂರು ಮಳೆಕೋಟು ಉಪ್ಪಾರಪೇಟೆಯಲ್ಲಿ ತಂದೆ. ಅಮ್ಮನ ಕಾಲಂನಲ್ಲಿ "ಕಡಲು" ಎಂಬುದರ ಕೆಳಗೆ ಚೂಡಿದಾರ್ ಎಂದು ಬರೆದಿದ್ದೆ. ಅಮ್ಮ ಅದನ್ನು ಹೊಡೆದು "ಸೀರೆ" ಎಂದು ಬರೆದು ಪಕ್ಕದಲ್ಲಿ ಹುರಿಹಿಟ್ಟು ಒಂದು ಡಬ್ಬ ಎಂದು ಸೇರಿಸಿದ್ದಳು. ಅಪ್ಪನ ಕಾಲಂನಲ್ಲಿ "ಅರ್ಧ ತೋಳಿನ ಟೀ ಶರ್ಟ್, ತಿಳಿನೀಲಿ, ಒಂದು" ಎಂದು ಬರೆದೆ. ಅಪ್ಪ ಓದಿದರು. ಹೊಡೆದು ಹಾಕಲಿಲ್ಲ. ಕೆಳಗೆ "ತುಂಬುತೋಳಿನ ಶರ್ಟ್, ಆರು" ಎಂದು ಸೇರಿಸಿ ಪಟ್ಟಿ ವಾಪಸ್ ಕೊಟ್ಟರು.

"ಆರು ಬೇಡ ಅಪ್ಪ. ಮೂರು ಸಾಕು. ಒಂದು ಮುಕ್ಕಾಲು ಗಂಟೆಗೆ ಒಣಗುತ್ತೆ, ಲೆಕ್ಕ ಇದೆ. ಚೀಲದ ತೂಕ ಮೀರುತ್ತೆ."

"ದಿನಕ್ಕೊಂದು ಅಂತ..."

"ರಾತ್ರಿ ಒಗೆದು ಹಾಕಿದ್ರೆ ಬೆಳಗ್ಗೆಗೆ ರೆಡಿ."

"ಸರಿ ಕಣಮ್ಮ. ನೀನು ಎಣಿಸಿದ್ಮೇಲೆ ಮುಗೀತು," ಎಂದರು ಅಪ್ಪ.

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಆದರೂ ನನಗೆ ಮತ್ತಿಕೆರೆ ನೆನಪಾಯಿತು. ನನಗಾಗ ಏಳು ವರ್ಷ. ಮತ್ತಿಕೆರೆಯಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಪಂಕ್ತಿಯಲ್ಲಿ ಅಪ್ಪ ತೋಳು ಮಡಚಿಕೊಂಡು ಸಾಂಬಾರ್ ಬಡಿಸುತ್ತಿದ್ದರು. ಪಕ್ಕದಲ್ಲಿ ಕೂತವರು ಎಣಿಸಲು ಬರುತ್ತದಾ ಎಂದು ನನ್ನನ್ನು ಕೇಳಿದರು. ನಾನು ಜೋರಾಗಿ ಹೇಳಿದೆ: "ಬರುತ್ತೆ. ನಮ್ಮಪ್ಪನ ಮೈಮೇಲೆ ಮೂವತ್ತೊಂದು ಬಿಳಿ ಮಚ್ಚೆ ಇದೆ, ನಾನೇ ಎಣಿಸಿದೀನಿ." ಸಾಲು ಸಾಲಾಗಿ ತಲೆಗಳು ತಿರುಗಿದವು. ಒಬ್ಬರು ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಂಬಾರ್ ಬೇಡ ಎಂದರು. ಅಪ್ಪ ಬಕೆಟ್ ಕೆಳಗಿಟ್ಟು, ಮಡಚಿದ್ದ ತೋಳು ಇಳಿಸಿ, ಗುಂಡಿ ಹಾಕಿಕೊಂಡು ಮತ್ತೆ ಬಡಿಸುತ್ತಾ ಹೋದರು. ಸೌಟು ಅದ್ದುವಾಗ ತೋಳಿನ ತುದಿಯೂ ಅದ್ದುತ್ತಿತ್ತು. ಅಂದಿನಿಂದ ಹೊರಗೆ ಅಪ್ಪ ತೋಳು ಮಡಚಿದ್ದನ್ನು ನಾನು ನೋಡಿಲ್ಲ. ಹದಿನೇಳು ವರ್ಷ.

ಏಪ್ರಿಲ್ ಇಪ್ಪತ್ತೊಂಬತ್ತಕ್ಕೆ ಹೊರಟೆವು. ಮೊದಲ ದಿನ ಸೆರೆಮನೆ, ಊರು. ಬೆವರಿಗೆ ಅಪ್ಪನ ಶರ್ಟು ಬೆನ್ನಿಗೆ ಅಂಟಿಕೊಂಡಿತ್ತು. ಸಂಜೆ ಏಳಕ್ಕೆ ಒಗೆದು ರೂಮಿನೊಳಗೆ ಫ್ಯಾನಿನ ಕೆಳಗೆ ಹಗ್ಗ ಕಟ್ಟಿ ಹರವಿದೆ. ಎರಡನೆಯ ದಿನ ಗುಹೆ, ಕೆಸರು, ಎರಡನೆಯ ಶರ್ಟು. ಅದೇ ಸಂಜೆ ಜೆಟ್ಟಿಯ ಹತ್ತಿರ ಮಳೆ ಹೊಡೆದು ಮೂರನೆಯದೂ ತೊಯ್ದು ತೊಪ್ಪೆ. ಮೂರನೆಯ ದಿನ ಬೆಳಗ್ಗೆ ಐದೂವರೆಗೆ ಎದ್ದು ಮುಟ್ಟಿ ನೋಡಿದೆ. ಮೊದಲ ಶರ್ಟಿಗೆ ಮೂವತ್ನಾಲ್ಕೂವರೆ ಗಂಟೆಯಾಗಿತ್ತು. ಇನ್ನೂ ತಣ್ಣಗೆ, ಮುಗ್ಗಲು ವಾಸನೆ. ನಮ್ಮೂರ ಏಪ್ರಿಲ್ಲಿನ ಒಣಗಾಳಿಯಲ್ಲಿ ನಿಂತು ಅಳೆದದ್ದನ್ನು ನಾನು ಕಡಲ ನಡುವಿನ ಗಾಳಿಗೂ ಬರೆದುಬಿಟ್ಟಿದ್ದೆ. ಬಕೆಟ್ಟಿಗೆ ಉಪ್ಪು ಹಾಕಿದರೆ ಸಮುದ್ರವಾಯಿತು ಎಂದುಕೊಂಡಿದ್ದೆ. ಗಾಳಿಯಲ್ಲೂ ನೀರಿರುತ್ತದೆ ಎಂದು ಹೊಳೆದಿರಲಿಲ್ಲ.

ಅಂದೇ ಹವಳದ ದ್ವೀಪಕ್ಕೆ ದೋಣಿ. ಅಪ್ಪ ಕಾದಿದ್ದ ದಿನ.

ಅಪ್ಪ ಹಗ್ಗದ ಮೇಲಿನ ಮೂರನ್ನೂ ಒಂದೊಂದಾಗಿ ಮುಟ್ಟಿದರು. ನಾನು ಚೀಲದಿಂದ ತಿಳಿನೀಲಿ ಟೀ ಶರ್ಟು ತೆಗೆದು ಹಾಸಿಗೆಯ ಮೇಲಿಟ್ಟೆ. ಅದೊಂದೇ ಒಣಗಿದ್ದದ್ದು. ಅಪ್ಪ ಅದನ್ನು ನೋಡಿ, ಮತ್ತೆ ಮಡಚಿ, ಅಂಚು ಸರಿಮಾಡಿ, ವಾಪಸ್ ಕೊಟ್ಟರು.

"ನೀವಿಬ್ರೂ ಹೋಗ್ಬನ್ನಿ. ನಾನು ರೂಮಲ್ಲಿರ್ತೀನಿ. ಫೋಟೋ ತಗೊಂಡು ಬಾ, ನೋಡ್ತೀನಿ."

ಸಿಟ್ಟಿರಲಿಲ್ಲ. ಅದೇ ಕಷ್ಟವಾಯಿತು. "ನನ್ನ ತಪ್ಪು ಅಪ್ಪ, ಆರು ತರಬೇಕಿತ್ತು," ಎಂದೆ.

ಅಮ್ಮ ಕನ್ನಡಿಯ ಮುಂದೆ ಸೆರಗಿಗೆ ಪಿನ್ನು ಹಾಕಿಕೊಳ್ಳುತ್ತಿದ್ದಳು. ತಿರುಗದೇ ಹೇಳಿದಳು: "ರೀ, ಎಲ್ಲಿಗ್ರೀ ಹೊರಟಿರೋದು ನಾವು?"

"ಸಮುದ್ರಕ್ಕೆ."

"ನೀರಿಗಿಳಿಯೋರಿಗೆ ಒಣಗಿದ ಶರ್ಟ್ ಯಾಕ್ರೀ? ಅಲ್ಲಿ ಹೋಗಿ ಒದ್ದೆ ಆಗೋದನ್ನ ಇಲ್ಲೇ ಆಗ್ಕೊಂಡ್ ಹೋಗಿ. ಅಪ್ಪ ಮಗಳು ಇಬ್ರೂ ಲೆಕ್ಕದಲ್ಲಿ ಹುಷಾರು, ಬುದ್ಧಿ ಮಾತ್ರ ಸೊನ್ನೆ."

ಅಪ್ಪ ಭುಜ ಅಲ್ಲಾಡುವಷ್ಟು ನಕ್ಕರು. ಮೂರರಲ್ಲಿ ಕಡಿಮೆ ಒದ್ದೆಯಾದದ್ದನ್ನು ತೆಗೆದು ಒದರಿ ಹಾಕಿಕೊಂಡು, "ಅಬ್ಬಾ, ತಂಪಾಗಿದೆ ಕಣೇ," ಎಂದರು. ಗುಂಡಿ ಮಾತ್ರ ಮಣಿಕಟ್ಟಿನ ತನಕ. ಅಮ್ಮ ಇನ್ನೊಂದನ್ನು ಪ್ಲಾಸ್ಟಿಕ್ ಕವರಿಗೆ ತುರುಕಿ ಚೀಲಕ್ಕೆ ಹಾಕಿದಳು.

ದೋಣಿಯಲ್ಲಿ ನಮ್ಮನ್ನೂ ಸೇರಿಸಿ ಹದಿನೆಂಟು ಜನ. ಉಳಿದವರೆಲ್ಲ ಚಡ್ಡಿ, ತೋಳಿಲ್ಲದ ಬನಿಯನ್. ನನ್ನದೂ ಪಟ್ಟಿಯ ಪ್ರಕಾರ ಅರ್ಧ ತೋಳು. ದ್ವೀಪದಲ್ಲಿ ನೀರಿಗಿಳಿಸುವ ಗೈಡ್ ಐವತ್ತು ದಾಟಿದ ಗಟ್ಟಿ ಆಳು. ಕುತ್ತಿಗೆಯಿಂದ ಪಾದದ ಗಂಟಿನ ತನಕ, ಮಣಿಕಟ್ಟಿನ ತನಕ ಮೈಗೆ ಅಂಟಿದ ಕಪ್ಪು ಉಡುಪು. ಅವರು ನಮ್ಮನ್ನೆಲ್ಲ ಒಂದು ಸುತ್ತು ನೋಡಿ, ಅಪ್ಪನ ಹತ್ತಿರ ನಿಂತರು.

"ಈ ಸಾರ್ ಒಬ್ರೇ ಸರಿಯಾಗಿ ಬಂದಿರೋದು. ನೀವೆಲ್ಲ ಸಂಜೆಗೆ ಬೆಂದ ಸೀಗಡಿ."

ಅವರು ಹೇಳಿದ್ದು ತಮಿಳಿನಲ್ಲಿ. ಚಾಮರಾಜಪೇಟೆಯಲ್ಲಿ ಹುಟ್ಟಿ ಬೆಳೆದ ಅಪ್ಪನಿಗೆ ತಮಿಳು ನೀರು ಕುಡಿದ ಹಾಗೆ. ಇಬ್ಬರೂ ಶುರು ಹಚ್ಚಿಕೊಂಡರು. ನೀರಿಗಿಳಿಯುವ ಎಲ್ಲರಿಗೂ ಅಂಥದೇ ಕಪ್ಪು ಉಡುಪು ಬಾಡಿಗೆಗೆ ಸಿಗುತ್ತದಂತೆ, ಬಿಸಿಲಿಗೆ, ಕುಟುಕುವ ಜೀವಿಗಳಿಗೆ. ಪ್ಯಾಂಟಿನಲ್ಲಿ ಇಳಿಯುವಂತಿಲ್ಲ, ಭಾರವಾಗುತ್ತದೆ. ಅಪ್ಪ ತಗಡಿನ ಮರೆಯಲ್ಲಿ ಬದಲಾಯಿಸಿಕೊಂಡು ಬಂದರು. ಎಲ್ಲ ಮುಚ್ಚಿತ್ತು, ಎರಡು ಕೈ, ಎರಡು ಪಾದ ಬಿಟ್ಟು. ಸಾಕ್ಸು ತುರುಕಿದ ಶೂಗಳನ್ನು ಎದೆಗೆ ಒತ್ತಿ ಹಿಡಿದುಕೊಂಡು ಮರಳಿನ ಮೇಲೆ ನಿಂತಿದ್ದರು. ಬಿಳಿ ಮರಳಿನಲ್ಲಿ ಬಿಳಿ ಪಾದ. ಸಾಲಿನಲ್ಲಿದ್ದ ಒಬ್ಬಾಕೆ ನೋಡಿ ಬೇರೆ ಕಡೆ ತಿರುಗಿದಳು. ನಾನು ಹೋಗಿ ಶೂ ಇಸಿದುಕೊಂಡೆ.

ಈಜು ಬಾರದವರನ್ನು ಒಬ್ಬೊಬ್ಬರನ್ನಾಗಿ ಕೈ ಹಿಡಿದೇ ಕರೆದುಕೊಂಡು ಹೋಗಬೇಕು. ಅಪ್ಪನ ಸರದಿ ಬಂತು. ಗೈಡ್ ಕೈ ಚಾಚಿದರು. ಅಪ್ಪ ತಮ್ಮ ಕೈ ಹಿಂದಕ್ಕೆಳೆದು, ಅದೇ ಮಾತನ್ನು ತಮಿಳಿನಲ್ಲಿ ಹೇಳಿದರು: "ಇದು ಅಂಟಲ್ಲ."

"ಅಂಟಬೇಕು ಸಾರ್," ಎಂದರು ಗೈಡ್. "ಬಿಗಿಯಾಗಿ ಹಿಡ್ಕೊಳ್ಳಿ. ಬಿಟ್ರೆ ಹೊಟ್ಟೆ ತುಂಬ ಉಪ್ಪುನೀರು, ಆಮೇಲೆ ನನ್ನ ಬಯ್ಬೇಡಿ."

ಹಿಡಿದರು. ನಾನು ಸೊಂಟದ ತನಕ ನೀರಿನಲ್ಲಿ ನಿಂತು ಗಡಿಯಾರ ನೋಡಿದೆ. ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಅಪ್ಪನ ಮುಖ ಒಳಗೆ ಹೋಯಿತು. ಗಾಜು, ಉಸಿರಿನ ಕೊಳವೆ, ಅದರ ಪಕ್ಕ ನೀರಿನ ಮೇಲೆ ಎರಡು ಕೈಗಳ ಗಂಟು. ಅಮ್ಮ ಸೀರೆಯಲ್ಲೇ ಮಂಡಿಯ ತನಕ ಇಳಿದು, "ಮುಳುಗಿಲ್ಲ ತಾನೆ? ನೋಡೇ ಸರಿಯಾಗಿ," ಎನ್ನುತ್ತಲೇ ಇದ್ದಳು. ಹನ್ನೊಂದು ಮೂವತ್ತೆಂಟಕ್ಕೆ ಅಪ್ಪ ಎದ್ದರು. ಇಪ್ಪತ್ತಾರು ನಿಮಿಷ. ಅಷ್ಟು ಹೊತ್ತು ಅಪರಿಚಿತರೊಬ್ಬರು ಅಪ್ಪನ ಕೈ ಹಿಡಿದದ್ದು ನನ್ನ ಯಾವ ಡೈರಿಯಲ್ಲೂ ಇಲ್ಲ.

ವಾಪಸಾಗುವಾಗ ನನ್ನ ಎರಡೂ ತೋಳು ಉರಿಯುತ್ತಿದ್ದವು, ಮುಟ್ಟಿದರೆ ಬೆಂಕಿ. ಅಪ್ಪ ಚೀಲದಿಂದ ಇನ್ನೊಂದು ಶರ್ಟು ತೆಗೆದು ಕೊಟ್ಟರು. ಒದ್ದೆ, ಮುಗ್ಗಲು, ನನಗೆ ಮಂಡಿಯ ತನಕ. ಹಾಕಿಕೊಂಡು ಗುಂಡಿ ಹಾಕಿದೆ. ಹಾಯೆನಿಸಿತು.

"ಮಚ್ಚೆ ಇರೋ ಚರ್ಮ ಬಿಸಿಲಿಗೆ ಹೀಗೇ ಉರಿಯುತ್ತೆ," ಎಂದರು ಅಪ್ಪ. "ಮೊದಲು ಜನಕ್ಕೆ ಹೆದರಿ ತೋಳು ಮುಚ್ತಿದ್ದೆ. ಆಮೇಲೆ ಬಿಸಿಲಿಗೆ. ಈಗ ಯಾವುದಕ್ಕೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ."

ದೋಣಿಯ ಸದ್ದಿನಲ್ಲಿ ಹೇಳುವುದು ಸುಲಭವೆನಿಸಿ ಮತ್ತಿಕೆರೆಯ ವಿಷಯ ತೆಗೆದೆ. ಮೂವತ್ತೊಂದು ಎಂದು ಅಷ್ಟು ಜನರ ಮುಂದೆ ಹೇಳಬಾರದಿತ್ತು ಎಂದೆ.

"ಮೂವತ್ತೊಂದಲ್ಲ," ಎಂದರು ಅಪ್ಪ. "ಬೆನ್ನು ಬಿಟ್ಟಿದ್ದೆ ನೀನು."

ಅಮ್ಮ ಹುರಿಹಿಟ್ಟಿನ ಡಬ್ಬ ತೆಗೆದು ಮೂವರಿಗೂ ಕೊಟ್ಟಳು.

ಊರಿಗೆ ಬಂದು ಚೀಲ ಬಿಚ್ಚಿ ತಾಳೆ ನೋಡಿದೆ. ಹಾಕಿಕೊಳ್ಳದೇ ವಾಪಸ್ ಬಂದದ್ದು: ತಿಳಿನೀಲಿ ಟೀ ಶರ್ಟು, ಒಂದು. ಚೀಟಿ ಕೂಡ ಕಿತ್ತಿಲ್ಲ. ಅಪ್ಪ ಈಗಲೂ ಕೊತ್ತಂಬರಿ ಸೊಪ್ಪಿಗೆ ತುಂಬುತೋಳಿನಲ್ಲೇ ಹೋಗುತ್ತಾರೆ. ಹೋಗಲಿ. ಆದರೆ ನಿವೃತ್ತಿಯ ಮೇಲೆ ಇನ್ನೊಂದು ಸಲ ಅಲ್ಲಿಗೇ ಹೋಗಬೇಕು ಎನ್ನುತ್ತಿದ್ದಾರೆ, ಎಲ್‌ಟಿಸಿ ಇಲ್ಲದಿದ್ದರೂ. ನೀರಿನೊಳಗೆ ಒಂದನ್ನು ನೋಡಿದರಂತೆ. ಬಂಡೆಯ ಸಂದಿಯಲ್ಲಿ ಕೂತದ್ದು, ಊಟದ ತಟ್ಟೆಯಷ್ಟು ಅಗಲ, ಅಂಚೆಲ್ಲ ಸೆರಗಿನ ನೆರಿಗೆಯಂತೆ ಅಲೆಅಲೆ, ನಡುವೆ ನೀಲಿ, ನೀಲಿಯ ಮೇಲೆ ಚುಕ್ಕಿ. ಅಪ್ಪನ ಖಾಲಿ ಕೈಯ ನೆರಳು ಬಿದ್ದ ಕೂಡಲೇ ಮೆಲ್ಲಗೆ ಮುಚ್ಚಿಕೊಂಡಿತಂತೆ. ಕೈ ತೆಗೆದು ಕಾದರೆ ಮತ್ತೆ ತೆರೆಯಿತಂತೆ. ಗೈಡ್ ಹೆಸರು ಹೇಳಿದಾಗ ಕಿವಿಯಲ್ಲಿ ನೀರು ತುಂಬಿತ್ತು. ಫೋನಿನಲ್ಲಿ ಇಲ್ಲಿಯವರೆಗೆ ನಲವತ್ತೆರಡು ಚಿತ್ರ ತೋರಿಸಿದ್ದೇನೆ. "ಇದಲ್ಲ, ಇನ್ನೂ ನೀಲಿ," ಎನ್ನುತ್ತಾರೆ.

ಅದರ ಹೆಸರು ಗೊತ್ತಿರುವವರು ಇದ್ದರೆ ದಯವಿಟ್ಟು ಬರೆದು ತಿಳಿಸಿ. ಹಾಗೆಯೇ ಕಡಲ ಗಾಳಿಯಲ್ಲಿ ಒಂದು ರಾತ್ರಿಗೆ ನಿಜವಾಗಿ ಒಣಗುವ, ತೋಳು ಮಣಿಕಟ್ಟಿನ ತನಕ ಇರುವ ಶರ್ಟಿನ ಬಟ್ಟೆ ಯಾವುದು ಎಂದು ಅಲ್ಲಿದ್ದು ಕಂಡವರು ತಿಳಿಸಿದರೆ ಉಪಕಾರ. ತಾರಸಿಯ ಮೇಲೆ ಪರೀಕ್ಷೆ ಮಾಡಿದವರು ಬೇಡ. ಆರು ಹೊಲಿಸಬೇಕಾಗಿದೆ. ಅಪ್ಪನಿಗೆ ಮೂರು, ನನಗೆ ಮೂರು.