ರನ್‌ವೇ ಮೇಲೆ ಹರವಿದ ರಾಗಿ

ಆ ಚಳಿಗಾಲದ ಬೆಳಿಗ್ಗೆ ಕ್ಯಾತ್ಸಂದ್ರದ ಮನೆಯಲ್ಲಿ ಚಪಾತಿ ಸುತ್ತಿಕೊಂಡು, ಸ್ವೆಟರ್ ಹಾಕಿಕೊಂಡು, ಗ್ಯಾಸ್ ಆಫ್ ಆಗಿದೆಯಾ ಎಂದು ಎರಡು ಸಲ ನೋಡಿ ಹೊರಟೆ. ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲೇ ಇದ್ದ ಗೆಳತಿ ಪೈಲಟ್ ಕೆಲಸ ಬಿಟ್ಟು ಈಗ ಕುಣಿಗಲ್ ಹತ್ತಿರ ತೋಟ ಮಾಡಿದ್ದಾಳೆ. ತೋಟದಲ್ಲಿ ಸಿಮೆಂಟಿನ ಪುಟ್ಟ ರನ್‌ವೇ, ಇಬ್ಬರು ಕೂರುವ ಒಂದು ವಿಮಾನ. ಆ ದಿನ ಅದರಲ್ಲಿ ನನ್ನನ್ನು ಸುತ್ತಿಸುತ್ತೇನೆ ಅಂದಿದ್ದಳು. ಪಕ್ಕದ ಹೊಲ ನನ್ನ ಅಣ್ಣನದು.

ತಪ್ಪು ಮಾಡಿದ್ದು ನಾನು. ಹಿಂದಿನ ದಿನ ಅತ್ತಿಗೆ ಫೋನಿನಲ್ಲಿ ಗೋಳಾಡಿದ್ದರು. ಪೈಪ್ ಹಾಕೋಕೆ ಅಂತ ಊರ ರೋಡ್ ಅಗೆದುಬಿಟ್ಟಿದ್ದಾರೆ, ರಾಗಿ ಹರವೋಕೆ ಜಾಗವಿಲ್ಲ. ನಮ್ಮ ಕಡೆ ಈಗ ಕಣ ಮಾಡುವವರು ಕಡಿಮೆ. ಟಾರು ರೋಡಿಗೆ ಹರವಿದರೆ ಓಡಾಡುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ.

"ನಾವು ಹತ್ತಕ್ಕೆ ಹೊರಟು ಗುಬ್ಬಿ ಕಡೆ ಸುತ್ತಿ, ಮೈಸೂರಲ್ಲಿ ಊಟ ಮಾಡ್ಕೊಂಡು ಬರೋದು ನಾಲ್ಕಕ್ಕೆ. ಅಲ್ಲೀವರ್ಗೂ ರನ್‌ವೇ ಖಾಲಿ, ಹರವ್ಕೊಳ್ಳಿ ಅತ್ತಿಗೆ. ತಲೆ ಮೇಲೆ ಬಂದಾಗ ಕೈ ಬೀಸಿ," ಅಂದೆ. ಗೆಳತಿಗೆ ಹೇಳಲಿಲ್ಲ. ಬೈತಾಳೆ ಅಂತ.

ಹತ್ತಕ್ಕೆ ಹಾರಿ, ತುಮಕೂರಿನ ಟೆರೇಸುಗಳ ಮೇಲೆ ಒಣಗಲು ಹಾಕಿದ ಬೆಡ್‌ಶೀಟು ನೋಡಿದೆವು, ಗುಬ್ಬಿ ದಾಟಿದೆವು. ಸಿ.ಎಸ್. ಪುರದ ಮೇಲೆ ಬಂದಾಗ ಮುಂದಿನ ಗಾಜಿಗೆ ಕಪ್ಪು ಹನಿಗಳು ಹತ್ತಿದವು.

"ಏನೇ ಅದು?"

"ಎಂಜಿನ್ ಆಯಿಲ್. ಸುಮ್ನಿರು." ಮೀಟರ್ ನೋಡಿ ಅವಳೇ ಹೇಳಿದಳು: "ಮೈಸೂರಾಗಲ್ಲ. ನಮ್ಮ ರನ್‌ವೇನೇ ಹತ್ರ."

"ಅಲ್ಲಿ ರಾಗಿ ಹರವಿರ್ತಾರೆ. ನಾನೇ ಹೇಳ್ದೆ."

ಅವಳು ನನ್ನ ಕಡೆ ತಿರುಗಿ ನೋಡಿದಳು. ಬೈಯಲಿಲ್ಲ. ನಾನು ಕೆಳಗೆ ಬೆರಳು ತೋರಿಸಿದೆ.

"ಯಾವುದಾದ್ರೂ ಹೊಲದಲ್ಲಿ ಇಳಿಸೇ."

"ತೆಂಗಿನ ಮರ ಬಿಟ್ರೆ ಕೆಳಗೆ ಏನ್ ಕಾಣುತ್ತೆ ಹೇಳು. ಫೋನ್ ಮಾಡು ಅವ್ರಿಗೆ."

ತೋಟ ಕಂಡಿತು. ರನ್‌ವೇ ಉದ್ದಕ್ಕೂ ರಾಗಿಯ ಕಂದು ಹುಲ್ಲು, ಹೆಂಗಸರು, ಹುಲ್ಲಿನ ಮೇಲೆ ಹೋಗಿ ಬರುತ್ತಿದ್ದ ಅಣ್ಣನ ಟ್ರ್ಯಾಕ್ಟರ್. ಗೆಳತಿ ತಗ್ಗಿಸಿ ಹಾರಿಸಿದಳು. ನಾನು ಕಿಟಕಿಗೆ ಕೈ ಬಡಿದೆ. ಅವರೆಲ್ಲ ಟವೆಲ್ ಎತ್ತಿ ಬೀಸಿದರು. ಫೋನ್ ಎತ್ತಿದ ಅತ್ತಿಗೆಗೆ ಸಂಭ್ರಮ. "ಕಾಣ್ತಿದೀವೇನೇ? ನಾನೇ ಕಣೇ, ಕೆಂಪು ಸೀರೆ!"

"ಓಡಿ ಅತ್ತಿಗೆ! ಇಳೀತಿದೀವಿ!"

"ಏನೂ ಕೇಳಿಸ್ತಿಲ್ಲ ಕಣೇ, ಬರೀ ಗುರ್ ಅಂತದೆ!"

ಮೂರನೇ ಸಲ ತಿರುಗುವಾಗ ಎಂಜಿನ್ ನಿಂತೇ ಹೋಯಿತು. ಗಾಳಿಯ ಸುಯ್ ಎನ್ನುವ ಸದ್ದೊಂದೇ. "ಇನ್ನು ಇಳಿಯೋದೇ," ಅಂದಳು ಗೆಳತಿ, ಅಡುಗೆಮನೆಯಲ್ಲಿ ಹಾಲು ಮುಗಿಯಿತು ಅನ್ನುವ ಹಾಗೆ. ನಾನು ಫೋನಿನಲ್ಲಿ ಕಿರುಚಿದೆ. ಈ ಸಲ ಅತ್ತಿಗೆಗೆ ಕೇಳಿಸಿತು.

ಹೆಂಗಸರು ಎರಡೂ ಕಡೆಗೆ ಚೆದುರಿದರು. ಅಣ್ಣನಿಗೆ ಟ್ರ್ಯಾಕ್ಟರ್ ಸದ್ದಿನಲ್ಲಿ ಏನೂ ಗೊತ್ತಿಲ್ಲ, ನಮಗೆ ಬೆನ್ನು ಹಾಕಿ ಹೋಗುತ್ತಿದ್ದಾನೆ. ಕೆಂಪು ಸೀರೆ ಮಾತ್ರ ಅಂಚಿಗೆ ಓಡಲಿಲ್ಲ, ಟ್ರ್ಯಾಕ್ಟರ್ ಕಡೆಗೆ ಓಡಿತು. ನಾನು ಓಡಿ ಅಂದಿದ್ದು ಆ ಕಡೆಗಲ್ಲ. ಆಮೇಲೆ ಎಣ್ಣೆ ಮೆತ್ತಿದ ಗಾಜಿನಲ್ಲಿ ಏನೂ ಕಾಣಲಿಲ್ಲ.

ಚಕ್ರ ತಾಗಿತು. ಹುಲ್ಲಿನ ಮೇಲೆ ಜಾರಿ ಜಾರಿ, ಅಡ್ಡಡ್ಡ ಹೋಗಿ ನಿಂತೆವು. ಧೂಳು. ನನ್ನ ಬೆಲ್ಟನ್ನು ಗೆಳತಿಯೇ ಬಿಚ್ಚಿದಳು.

ಟ್ರ್ಯಾಕ್ಟರ್ ಪಕ್ಕದ ಚರಂಡಿಗೆ ಇಳಿದಿತ್ತು. ಅಣ್ಣ ಅದರ ಮೇಲೇ ನಿಂತು ಸುತ್ತಲೂ ನೋಡುತ್ತಿದ್ದ. "ಅವ್ಳೆಲ್ಲಿ? ಸ್ಟೇರಿಂಗ್ ಎಳೆದ್ಲು, ಆಮೇಲೆ ನಾನ್ ನೋಡ್ಲಿಲ್ಲ." ನಾನು ವಿಮಾನದ ಕೆಳಗೆ ಬಗ್ಗಿ ನೋಡಿದೆ. ಎರಡು ಕೈಯಿಂದಲೂ ಹುಲ್ಲು ಬಗೆದೆ. ಹುಲ್ಲು, ಮತ್ತೆ ಹುಲ್ಲು. ಅಮ್ಮಾ ಎಂದು ಯಾರೋ ಅಳುತ್ತಿದ್ದರು. ನಾನೇ ಅದು.

ಅತ್ತಿಗೆ ಟ್ರ್ಯಾಕ್ಟರಿನ ಆಚೆ ಬದಿಯಲ್ಲಿ, ದೊಡ್ಡ ಚಕ್ರದ ಮರೆಗೆ ಚರಂಡಿಯಲ್ಲಿ ಕೂತಿದ್ದರು. ಮೊಣಕೈ ತರಚಿತ್ತು, ಬಾಯಿ ತುಂಬ ಧೂಳು. ಎರಡು ಸಲ ಉಗಿದು, ಏದುಸಿರು ಬಿಡುತ್ತಾ ನನ್ನ ಮುಖ ನೋಡಿದರು.

"ಬಿಸಿಲು ಇಳಿಯೋದ್ರೊಳಗೆ ರಾಗಿ ತೆಗೀಬೇಕು. ನಿಮ್ಮ ವಿಮಾನ ಸರಿಸ್ರೇ ಅತ್ಲಾಗೆ."

ನಾನು ಅವರ ಕೈ ಹಿಡಿದವಳು ಬಿಡಲಿಲ್ಲ. ಕೆಲಸದ ಹೆಂಗಸರೇ ಸೇರಿ ವಿಮಾನ ತಳ್ಳಿದರು.